ಅಡುಗೆ, ಹೊಲಿಗೆಯಷ್ಟೇ ಅಲ್ಲ ಈ ಓದು

"ಡಾಕ್ಟ್ರೇ, ಮಗಳು ಧಾರವಾಡಕ್ಕೆ ಹೋಗಿ ಗೃಹ ವಿಜ್ಞಾನ ಓದ್ತಾಳಂತೆ. ಅಡುಗೆ, ಹೊಲಿಗೆ ಕಲಿಯೋಕೆ ಅಷ್ಟು ದೂರ ಹೋಗ್ಬೇಕಾ?"

ಕೆಲವು ವರ್ಷಗಳ ಹಿಂದೆ ಕೊಟ್ಟಿಗೆಹಾರದ ನನ್ನ ಚಿಕಿತ್ಸಾಲಯದಲ್ಲಿ ಕಾಫಿ ಬೆಳೆಗಾರರೊಬ್ಬರು ಹೀಗೆ ಕೇಳಿದಾಗ ನಾನೂ ನಕ್ಕುಬಿಟ್ಟಿದ್ದೆ. ಆ ನಗು ಎಷ್ಟು ತಪ್ಪೆಂದು ತಿಳಿದದ್ದು ಅದೇ ಹುಡುಗಿ ಓದಿನ ನಡುವೆ ರಜೆಗೆ ಊರಿಗೆ ಬಂದಾಗ.

ಅಂದು ಜಡಿಮಳೆ. ಅಜ್ಜಿಯ ಮಂಡಿನೋವಿಗೆ ಔಷಧಿ ಪಡೆಯಲು ಬಂದಿದ್ದ ಆಕೆಯ ಪಕ್ಕದಲ್ಲಿ ತೋಟದ ಲೈನ್ ಮನೆಯ ತಾಯಿಯೊಬ್ಬಳು ಕೆಮ್ಮುತ್ತಿದ್ದ ಎರಡೂವರೆ ವರ್ಷದ ಮಗನೊಂದಿಗೆ ಕುಳಿತಿದ್ದಳು. ಮಗು ಇನ್ನೂ ಮಾತನಾಡುತ್ತಿಲ್ಲವೆಂದು ಆಕೆ ಹಿಂದೆ ಎರಡು ಬಾರಿ ಹೇಳಿದ್ದಳು. "ಗಂಡು ಮಕ್ಕಳಿಗೆ ಮಾತು ತಡ, ಬರುತ್ತದೆ ಬಿಡು" ಎಂದು ಕಳುಹಿಸಿದವನು ನಾನೇ. ಹುಡುಗಿ ಮಗುವಿನ ಬೆನ್ನ ಹಿಂದೆ ಕೀಲಿಗೊಂಚಲು ಅಲ್ಲಾಡಿಸಿದಳು. ಮಗು ತಿರುಗಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದಾಗಲೂ ತಿರುಗಲಿಲ್ಲ. "ಸರ್, ಇವನಿಗೆ ಕೇಳಿಸ್ತಾ ಇದೆಯಾ?" ಎಂದಳು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಶ್ರವಣದೋಷ ಖಚಿತವಾಯಿತು. ಶ್ರವಣ ಸಾಧನ, ಮಾತಿನ ತರಬೇತಿ ಆರಂಭವಾಗಿ ಬಾಲಕ ನಿಧಾನವಾಗಿ ಮಾತು ಕಲಿತ. ಆದರೆ ನನ್ನ ಉಡಾಫೆಯಿಂದ ಕಳೆದ ತಿಂಗಳುಗಳು ಮರಳಿ ಬರಲಿಲ್ಲ.

ಏನಿದು ವಿದ್ಯೆ?

ಮೂಡಿಗೆರೆಯ ತೋಟಗಾರಿಕೆ ಕಾಲೇಜು ನಮ್ಮವರಿಗೆಲ್ಲ ಗೊತ್ತು. ಹಾಗೆಯೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಿದೆ. ಮೊದಲು ಇದಕ್ಕೆ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯ ಎಂಬ ಹೆಸರಿತ್ತು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಸಿಇಟಿ ಮೂಲಕ ಇಲ್ಲಿನ ನಾಲ್ಕು ವರ್ಷಗಳ ಪದವಿಗೆ ಸೇರಬಹುದು. ಆಹಾರ, ವಸ್ತ್ರ ವಿಜ್ಞಾನಗಳ ಜೊತೆಗೆ ಕಲಿಸುವ ಮುಖ್ಯ ವಿಷಯ 'ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ'. ಇದರಲ್ಲೇ ಸ್ನಾತಕೋತ್ತರ ಪದವಿಯನ್ನೂ ಪಡೆಯಬಹುದು.

ಗರ್ಭದಿಂದ ಮುಪ್ಪಿನವರೆಗೆ ಮನುಷ್ಯನ ದೇಹ, ಬುದ್ಧಿ, ಭಾಷೆ, ಭಾವನೆಗಳು ಹೇಗೆ ಬೆಳೆಯುತ್ತವೆ, ಮನೆಯ ವಾತಾವರಣ ಅವನ್ನು ಹೇಗೆ ತಿದ್ದುತ್ತದೆ ಎಂಬುದೇ ಇಲ್ಲಿನ ಪಾಠ. ವಿದ್ಯಾರ್ಥಿಗಳು ಪುಸ್ತಕ ಓದುವುದಷ್ಟೇ ಅಲ್ಲ, ಮಕ್ಕಳ ಆಟವನ್ನು ಗಮನಿಸಿ ಬರೆದಿಡುತ್ತಾರೆ.

ಈ ಶಾಸ್ತ್ರಕ್ಕೆ ನಾವು ವೈದ್ಯರೂ ಋಣಿಗಳು. ಬರೋಡಾ ವಿಶ್ವವಿದ್ಯಾಲಯದ ಗೃಹ ವಿಜ್ಞಾನ ವಿಭಾಗದಲ್ಲಿ ಪ್ರಮೀಳಾ ಫಾಟಕ್ ಅವರು 1 ರಿಂದ 30 ತಿಂಗಳವರೆಗಿನ ಭಾರತೀಯ ಶಿಶುಗಳ ಬೆಳವಣಿಗೆಯನ್ನು ಅಳೆದು 1970ರಲ್ಲಿ ವರದಿ ನೀಡಿದರು. ಆ ಅಳತೆಯನ್ನು ಆಧರಿಸಿಯೇ ತಿರುವನಂತಪುರದ ವೈದ್ಯರು 17 ಅಂಶಗಳ ಸರಳ ಪಟ್ಟಿಯನ್ನು ರೂಪಿಸಿದರು. ಅಂದು ನಾನು ಆ ಪಟ್ಟಿಯನ್ನು ಬಳಸಲಿಲ್ಲ, ಅಷ್ಟೇ.

ತಂದೆ-ತಾಯಿ ಗಮನಿಸಬೇಕಾದದ್ದು

* 3 ತಿಂಗಳಾದರೂ ಮಗು ಮುಖ ನೋಡಿ ನಗದಿದ್ದರೆ
* 9 ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ
* ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ
* 18 ತಿಂಗಳಾದರೂ ನಡೆಯದಿದ್ದರೆ
* ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ

ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ವೈದ್ಯರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ಉಚಿತ. "ಬರುತ್ತದೆ ಬಿಡಿ" ಎಂದು ನನ್ನಂಥ ವೈದ್ಯ ಹೇಳಿದರೆ ಇನ್ನೊಮ್ಮೆ ಕೇಳಿ.

ಓದಿದ ಮೇಲೆ?

ಶಿಶು ಅಭಿವೃದ್ಧಿ ಯೋಜನೆಗಳು, ಶಿಶುವಿಹಾರ, ಸ್ವಯಂಸೇವಾ ಸಂಸ್ಥೆ, ಬೋಧನೆ, ಸಂಶೋಧನೆ ಎಲ್ಲೆಡೆ ಇವರ ಅಗತ್ಯವಿದೆ. ಆದರೆ ಇದು ವೈದ್ಯಪದವಿಯಲ್ಲ, ಔಷಧಿ ಬರೆಯುವಂತಿಲ್ಲ. ವಿಶೇಷ ಶಿಕ್ಷಕರಾಗಲು ಬೇರೆ ತರಬೇತಿ ಹಾಗೂ ನೋಂದಣಿ ಬೇಕು. ಇದನ್ನು ಮೊದಲೇ ತಿಳಿದು ಸೇರುವುದು ಒಳ್ಳೆಯದು. ಹೆಣ್ಣುಮಕ್ಕಳಿಗಷ್ಟೇ ಮೀಸಲಾದ ವಿದ್ಯೆ ಎಂದೂ ಭಾವಿಸಬೇಡಿ. ಮಗುವನ್ನು ಅರಿಯುವುದು ಗಂಡಸರಿಗೂ ಬೇಕು.

ಹಿಂದೆ ಮನೆ ತುಂಬ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರಿದ್ದರು. ಮಗುವಿನ ಚಿಕ್ಕ ಬದಲಾವಣೆಯೂ ಯಾರದಾದರೂ ಕಣ್ಣಿಗೆ ಬೀಳುತ್ತಿತ್ತು. ಇಂದು ತಾಯಿ ತೋಟದ ಕೆಲಸಕ್ಕೆ ಹೋದರೆ ಎಳೆಯ ಅಕ್ಕನೇ ಕಾವಲು. ಅಂಥ ಕಡೆ ನೋಡಬಲ್ಲ ಕಣ್ಣನ್ನು ಈ ಓದು ಕೊಡುತ್ತದೆ. ನಿಮ್ಮ ಮಗಳೋ ಮಗನೋ ಈ ವಿಷಯ ಓದುತ್ತೇನೆಂದರೆ ನನ್ನಂತೆ ನಗಬೇಡಿ, ಕಳುಹಿಸಿಕೊಡಿ.