ಟೈರು ಸಿಡಿಯುವುದೇಕೆ?

ಮೋಟಾರು ಕಾರಿನ ಬೆಲೆ ಎಷ್ಟೇ ಇರಲಿ, ಅದರ ಇಂಜಿನಿನ ಬಲ ಎಷ್ಟೇ ಇರಲಿ, ನೆಲಕ್ಕೂ ಅದಕ್ಕೂ ಇರುವ ಸಂಬಂಧ ನಾಲ್ಕು ಅಂಗೈಯಗಲದ ರಬ್ಬರಿನದು ಮಾತ್ರ. ಆ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಚಾಲಕನ ಚಾತುರ್ಯವೆಲ್ಲ ಕ್ಷಣಮಾತ್ರದಲ್ಲಿ ನಿರರ್ಥಕವಾಗುತ್ತದೆ. ಮೋಟಾರು ಪಂದ್ಯಗಳ ಜಗತ್ತು ಈ ಸತ್ಯವನ್ನು ಪ್ರಾಣಗಳ ಬೆಲೆ ತೆತ್ತು ಕಲಿತಿದೆ. ಬಿಸಿಲಿಗೆ ಹೆಸರಾದ ಬಳ್ಳಾರಿ ಸೀಮೆಯವರಿಗೆ ಆ ಪಾಠ ದೂರದ ಮಾತೇನೂ ಅಲ್ಲ.

ಅಮೆರಿಕದಲ್ಲಿ 1964ರಲ್ಲಿ ಜಿಮ್ಮಿ ಪರ್ಡ್ಯೂ, 1965ರ ಆರಂಭದಲ್ಲಿ ಬಿಲ್ಲಿ ವೇಡ್ ಎಂಬ ಇಬ್ಬರು ಹೆಸರಾಂತ ಚಾಲಕರು ಅಸುನೀಗಿದರು. ಇಬ್ಬರೂ ಮಡಿದುದು ಪಂದ್ಯದಲ್ಲಲ್ಲ, ಟೈರುಗಳ ಪರೀಕ್ಷೆಗೆಂದು ನಡೆಸಿದ ಓಟಗಳಲ್ಲಿ. ಅನಂತರ ಗುಡ್‌ಇಯರ್ ಕಂಪನಿಯವರು ಟೈರಿನೊಳಗೆ ಮತ್ತೊಂದು ಒಳಟೈರನ್ನು ಅಳವಡಿಸಿದರು. ಹೊರಗಿನದು ಸಿಡಿದರೂ ಒಳಗಿನದು ಗಾಳಿಯನ್ನು ಹಿಡಿದಿಟ್ಟು, ಕಾರನ್ನು ನಿಲ್ಲಿಸಲು ಅವಕಾಶ ಕೊಡುತ್ತದೆ.

2005ರ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದುದು ಇನ್ನೂ ವಿಚಿತ್ರ. ಅಭ್ಯಾಸದ ವೇಳೆ, ಓರೆಯಾಗಿ ಕಟ್ಟಿದ ಕಡೆಯ ತಿರುವಿನಲ್ಲಿ ಮಿಶೆಲಿನ್ ಟೈರು ಸೋತು ರಾಲ್ಫ್ ಶೂಮಾಕರರ ಕಾರು ಗೋಡೆಗೆ ಅಪ್ಪಳಿಸಿತು. ಆ ವರ್ಷದ ನಿಯಮದಂತೆ ಪಂದ್ಯದ ನಡುವೆ ಟೈರು ಬದಲಿಸುವಂತಿರಲಿಲ್ಲ. ತಿರುವಿನಲ್ಲಿ ವೇಗ ತಗ್ಗದ ಹೊರತು ತಮ್ಮ ಟೈರು ಪಂದ್ಯದುದ್ದಕ್ಕೂ ಸುರಕ್ಷಿತವಲ್ಲವೆಂದು ತಯಾರಕರೇ ಎಚ್ಚರಿಸಿದರು. 20 ಕಾರುಗಳ ಪೈಕಿ 14 ಸುತ್ತು ಹಾಕಿ ಮರಳಿದವು. ಪಂದ್ಯ ಆಡಿದವು ಆರೇ. ಆ ಆರರಲ್ಲಿ ನಾಲ್ಕನೆಯವರಾಗಿ ಬಂದ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದರು. ಪ್ರೇಕ್ಷಕರು ರೇಗಿದರು, ಆದರೆ ಯಾರ ಪ್ರಾಣವೂ ಹೋಗಲಿಲ್ಲ.

ಗಾಳಿಯ ಗುಟ್ಟು

ಟೈರು ಉರುಳುವಾಗ ಅದರ ಪಕ್ಕದ ಗೋಡೆ ಕ್ಷಣಕ್ಷಣವೂ ಬಾಗಿ ನೆಟ್ಟಗಾಗುತ್ತದೆ. ಈ ಬಾಗುವಿಕೆಯೇ ಶಾಖದ ಮೂಲ. ಗಾಳಿ ಕಡಿಮೆಯಾದಷ್ಟೂ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಶಾಖ ಹೆಚ್ಚು. ಕಡೆಗೆ ರಬ್ಬರು ಒಳಗಿನ ಎಳೆಗಳಿಂದ ಬೇರ್ಪಟ್ಟು ಟೈರು ಸಿಡಿಯುತ್ತದೆ. 2013ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಹಲವು ಕಾರುಗಳ ಟೈರುಗಳು ಒಂದರ ಹಿಂದೊಂದು ಸಿಡಿದಾಗ ಪಿರೆಲ್ಲಿ ಕಂಪನಿ ಕೊಟ್ಟ ಕಾರಣಗಳಲ್ಲಿ ಗಾಳಿಯ ಕೊರತೆಯೂ ಒಂದು. 2021ರಲ್ಲಿ ಬಾಕು ಪಂದ್ಯದಲ್ಲಿ ಎರಡು ಟೈರುಗಳು ಸಿಡಿದ ಬಳಿಕ ಗಾಳಿಯ ಒತ್ತಡದ ತಪಾಸಣೆಯನ್ನು ಬಿಗಿಗೊಳಿಸಲಾಯಿತು.

ಇನ್ನು ನಮ್ಮ ದಾರಿಗಳತ್ತ ಬರೋಣ. ಬಳ್ಳಾರಿಯಿಂದ ಸಿರುಗುಪ್ಪಕ್ಕಾಗಲಿ ಕುರುಗೋಡಿಗಾಗಲಿ ಮೇ ತಿಂಗಳ ಮಧ್ಯಾಹ್ನ ಹೊರಟವರು ಬಲ್ಲರು: ಉಷ್ಣಮಾನ 40 ಡಿಗ್ರಿಯನ್ನು ದಾಟಿದಾಗ ಡಾಂಬರು ಅದಕ್ಕಿಂತಲೂ ಬಹಳ ಹೆಚ್ಚು ಕಾದಿರುತ್ತದೆ. ಭತ್ತದ ಮೂಟೆ ಹೊತ್ತ ಲಾರಿ, ಮದುವೆಗೆ ಹೊರಟ ತುಂಬು ಕುಟುಂಬದ ಕಾರು, ಎರಡೂ ಅದೇ ಕಾವಲಿಯ ಮೇಲೆ ಓಡಬೇಕು. ಅತಿಭಾರವೆಂದರೆ ಟೈರಿನ ಪಾಲಿಗೆ ಗಾಳಿ ತಗ್ಗಿದಂತೆಯೇ. ಈ ಜಿಲ್ಲೆಯ ಅದಿರಿನ ಲಾರಿಗಳ ಅತಿಭಾರವನ್ನು ಲೋಕಾಯುಕ್ತ ಸಂತೋಷ ಹೆಗ್ಡೆಯವರ 2011ರ ವರದಿಯೇ ಎತ್ತಿ ತೋರಿಸಿತ್ತು.

ಬೇಸಿಗೆಯಲ್ಲಿ ಗಾಳಿ ಹಿಗ್ಗುವುದರಿಂದ ನಾಲ್ಕಾರು ಪೌಂಡು ಕಡಿಮೆ ತುಂಬಿಸಬೇಕೆಂಬುದು ಅನೇಕರ ನಂಬಿಕೆ. ಇದು ಅಪಾಯಕಾರಿ. ತಣ್ಣಗಿರುವಾಗ 32 ಪೌಂಡು ಇದ್ದ ಒತ್ತಡ, ಗಾಳಿಯ ಶಾಖ 20 ಡಿಗ್ರಿ ಏರಿದಾಗ ಸುಮಾರು 3 ಪೌಂಡು ಹೆಚ್ಚುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಕರು ಅಳತೆಯನ್ನು ಗೊತ್ತುಮಾಡಿರುತ್ತಾರೆ. ಗಾಳಿ ಇಳಿಸಿದವನು ಸಿಡಿತವನ್ನು ತಡೆಯುವುದಿಲ್ಲ, ಅದನ್ನು ಆಹ್ವಾನಿಸುತ್ತಾನೆ.

ಗೃಹಸ್ಥರು ಮಾಡಬೇಕಾದುದು

ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮೊದಲೇ ನೋಡಬೇಕು. ಸರಿಯಾದ ಅಳತೆ ಚಾಲಕನ ಬಾಗಿಲ ಚೌಕಟ್ಟಿನಲ್ಲಿಯೋ ಕೈಪಿಡಿಯಲ್ಲಿಯೋ ಇರುತ್ತದೆ. ಹೆಚ್ಚುವರಿ ಟೈರನ್ನು ಮರೆಯಬಾರದು. ಅಚ್ಚಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿದಂತೆ. ಪಕ್ಕದಲ್ಲಿ ಮುದ್ರಿಸಿದ ನಾಲ್ಕು ಅಂಕೆಗಳು ಅದರ ಜನ್ಮಕುಂಡಲಿ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಪಕ್ಕದಲ್ಲಿ ಉಬ್ಬೋ ಬಿರುಕೋ ಕಂಡರೆ ಪ್ರಯಾಣವನ್ನೇ ಮುಂದೂಡುವುದು ಲೇಸು.

ಇಷ್ಟಾಗಿಯೂ ಟೈರು ಸಿಡಿದರೆ ಬ್ರೇಕನ್ನು ಒಮ್ಮೆಲೇ ತುಳಿಯಬಾರದು. ಚಕ್ರವನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿದು, ಗಾಡಿಯನ್ನು ನೇರವಾಗಿಯೇ ನಡೆಸುತ್ತ, ವೇಗ ತಾನಾಗಿ ತಗ್ಗಿದ ಮೇಲೆ ಮೆಲ್ಲನೆ ಪಕ್ಕಕ್ಕೆ ತರಬೇಕು.

ಪಂದ್ಯದ ಚಾಲಕನ ಟೈರುಗಳನ್ನು ಕಾಯಲು ಇಂಜಿನಿಯರುಗಳ ತಂಡವೇ ಇರುತ್ತದೆ. ಸಿರುಗುಪ್ಪದ ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನಿಗೆ ಆ ಭಾಗ್ಯವಿಲ್ಲ. ಆ ಕೆಲಸವನ್ನು ಅವನೇ ಮಾಡಬೇಕು. ಅದಕ್ಕೆ ಬೇಕಾಗುವುದು ಬೆಳಗಿನ ಐದು ನಿಮಿಷ.