ಲಂಡನ್ನಿನಲ್ಲಿ ಒಂದು ದಿನ ಬಿಡುವಾದರೆ

ಸಾಂಬ್ರಾದಲ್ಲಿ ವಿಮಾನವೇರಿ, ನಡುವೆ ಬೇರೆ ವಿಮಾನ ಹಿಡಿದು ಲಂಡನ್ ಸೇರಿದವರಿಗೆ ಒಂದು ದಿನ ಬಿಡುವು ದೊರೆತರೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ನೋಡತಕ್ಕದ್ದು. ಪ್ರವೇಶಕ್ಕೆ ಶುಲ್ಕವಿಲ್ಲ. ಆದರೆ ಎಲ್ಲವನ್ನೂ ನೋಡುವೆನೆಂದು ಹೊರಟರೆ ಕಾಲು ಸೋಲುವುದೇ ಹೊರತು ಮನಸ್ಸಿನಲ್ಲಿ ಏನೂ ನಿಲ್ಲದು. ಆದುದರಿಂದ ಮೊದಲು ನಮ್ಮ ನಾಡಿನದೇ ಆದ ಟೀಪೂ ಸುಲ್ತಾನನ ಮರದ ಹುಲಿಯ ಬಳಿಗೆ ಹೋಗುವುದು ಲೇಸು.

ಹುಲಿಯು ಐರೋಪ್ಯನೊಬ್ಬನನ್ನು ಕೆಡವಿ ಮೇಲೇರಿದೆ. ಹಿಡಿಕೆ ತಿರುಗಿಸಿದಾಗ ಒಳಗಿನ ತಿದಿಗಳ ಗಾಳಿಯಿಂದ ಹುಲಿಯ ಗುರುಗುಟ್ಟುವಿಕೆಯೂ ಮನುಷ್ಯನ ನರಳಾಟವೂ ಹೊರಡುವಂತೆ ಇದನ್ನು ರಚಿಸಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕುಂಪಣಿಯವರ ವಶವಾದ ಇದನ್ನು 1808ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು; ಕಲೆಯ ಅಭಿಮಾನಕ್ಕಿಂತ ಹೆಚ್ಚಾಗಿ ಗೆಲವಿನ ಗುರುತಾಗಿ.

ಇದನ್ನು ಕಂಡ ಮೇಲೆ ಉಳಿದ ವಸ್ತುಗಳ ಮುಂದೆಯೂ, ‘ಎಷ್ಟು ಚೆಂದ!’ ಎಂಬ ಮಾತಿನ ಜತೆಗೇ ‘ಇಲ್ಲಿಗೆ ಹೇಗೆ ಬಂತು?’ ಎಂಬ ಪ್ರಶ್ನೆ ಏಳುವುದು. ಆ ಪ್ರಶ್ನೆಯೊಡನೆ ನಾಲ್ಕೇ ಕೋಣೆ ನೋಡಿದರೂ ದಿನ ಸಾರ್ಥಕ.