ಕಾಲಸಮರದಲ್ಲಿ ಕೈ ಬದಲಾದ ಪತ್ರಗಳು

ಪ್ರೇಮಕಥೆಯ ಓದುಗರು ಪ್ರೇಮಿಗಳ ಭೇಟಿಗಾಗಿ ಕಾಯುತ್ತಾರೆ, ವೈಜ್ಞಾನಿಕ ಕಾದಂಬರಿಯ ಓದುಗರು ಕಲ್ಪಿತ ಜಗತ್ತಿನ ನಿಯಮಗಳ ವಿವರಣೆಗಾಗಿ ಕಾಯುತ್ತಾರೆ. 2019ರಲ್ಲಿ ಪ್ರಕಟವಾದ ‘ದಿಸ್ ಈಸ್ ಹೌ ಯು ಲೂಸ್ ದ ಟೈಮ್ ವಾರ್’ ಎಂಬ ಇಂಗ್ಲಿಷ್ ಕಿರುಕಾದಂಬರಿಯು ಈ ಎರಡೂ ನಿರೀಕ್ಷೆಗಳನ್ನು ಬಹುಮಟ್ಟಿಗೆ ಬದಿಗಿಟ್ಟೂ ಓದುಗರನ್ನು ಸೆರೆಹಿಡಿಯುತ್ತದೆ. ಕೆನಡಾದ ಅಮಲ್ ಎಲ್-ಮೊಹ್ತರ್ ಮತ್ತು ಅಮೆರಿಕದ ಮ್ಯಾಕ್ಸ್ ಗ್ಲ್ಯಾಡ್‌ಸ್ಟೋನ್ ಜೊತೆಗೂಡಿ ಬರೆದ, ಸುಮಾರು 200 ಪುಟಗಳ ಈ ಕೃತಿಗೆ ವೈಜ್ಞಾನಿಕ ಕಥಾಸಾಹಿತ್ಯದ ಅತ್ಯುನ್ನತ ಗೌರವಗಳಾದ ಹ್ಯೂಗೋ ಮತ್ತು ನೆಬ್ಯುಲಾ ಪ್ರಶಸ್ತಿಗಳೆರಡೂ ಸಂದಿವೆ.

ಇಲ್ಲಿ ಕಾಲವೇ ರಣರಂಗ. ಇತಿಹಾಸವು ಒಂದೇ ಧಾರೆಯಾಗಿರದೆ, ಒಂದೊಂದರಲ್ಲೂ ಘಟನೆಗಳು ಬೇರೆಬೇರೆಯಾಗಿ ನಡೆದಿರುವ ಅಸಂಖ್ಯ ಎಳೆಗಳಾಗಿ ಹೆಣೆದುಕೊಂಡಿದೆ ಎಂಬುದು ಕಾದಂಬರಿಯ ಮೂಲ ಕಲ್ಪನೆ. ಯಂತ್ರಶಕ್ತಿಯನ್ನೇ ನೆಚ್ಚಿದ ‘ಏಜೆನ್ಸಿ’ ಮತ್ತು ಜೀವಕೋಟಿಯೆಲ್ಲ ಒಂದೇ ಪ್ರಜ್ಞೆಯಲ್ಲಿ ಬೆಸೆದುಕೊಂಡಿರುವ ‘ಗಾರ್ಡನ್’ ಎಂಬ ಎರಡು ಭವಿಷ್ಯಗಳು, ತಾವೇ ಉಳಿಯುವಂತೆ ಆ ಎಳೆಗಳನ್ನು ತಿರುಚಲು ತಮ್ಮ ಗೂಢಚಾರಿಣಿಯರನ್ನು ಭೂತಕಾಲಕ್ಕೆ ಕಳುಹಿಸುತ್ತವೆ. ಏಜೆನ್ಸಿಯ ರೆಡ್‌ಗೆ ಹೆಣಗಳು ಬಿದ್ದ ರಣಭೂಮಿಯೊಂದರಲ್ಲಿ ಗಾರ್ಡನ್‌ನ ಬ್ಲೂ ಬಿಟ್ಟುಹೋದ ಪತ್ರವೊಂದು ಸಿಗುತ್ತದೆ. ಓದುವ ಮೊದಲು ಸುಡಬೇಕೆಂಬ ಸೂಚನೆ ಅದರ ಮೇಲಿರುತ್ತದೆ. ಗೇಲಿ ಮತ್ತು ಸವಾಲಿನಿಂದ ಮೊದಲಾದ ಈ ಪತ್ರವ್ಯವಹಾರ ಕುತೂಹಲಕ್ಕೆ ತಿರುಗಿ, ಇಬ್ಬರಿಗೂ ಅರಿವಾಗುವ ಹೊತ್ತಿಗೆ ಹಿಂತೆಗೆಯಲಾಗದ ಪ್ರೇಮವಾಗಿರುತ್ತದೆ.

ಪತ್ರರೂಪದ ಕಾದಂಬರಿ, ಅಂದರೆ ಪಾತ್ರಗಳ ಪತ್ರಗಳ ಮೂಲಕವೇ ಕಥೆ ಹೇಳುವ ಪದ್ಧತಿ, ಯುರೋಪಿನಲ್ಲಿ ಹದಿನೆಂಟನೆಯ ಶತಮಾನದಲ್ಲೇ ಜನಪ್ರಿಯವಾಗಿತ್ತು. ಇಂಗ್ಲಿಷ್ ಲೇಖಕ ರಿಚರ್ಡ್‌ಸನ್ನನ ‘ಪಮೇಲಾ’ ಕಾದಂಬರಿ 1740ರದು. ಆದರೆ ಅಲ್ಲಿ ಕಾಗದ, ಶಾಯಿ, ಅಂಚೆ ಇದ್ದವು. ಇಲ್ಲಿ ಪತ್ರ ಸಿಕ್ಕಿಬಿದ್ದರೆ ಸಾವು ಖಚಿತವಾದ್ದರಿಂದ ಅಕ್ಷರಗಳು ಮರದ ಕಾಂಡದ ಬೆಳವಣಿಗೆಯ ಉಂಗುರಗಳಲ್ಲಿ, ಬೀಜಗಳಲ್ಲಿ, ಲೋಟದ ತಳದ ಚಹಾ ಎಲೆಗಳಲ್ಲಿ ಅಡಗುತ್ತವೆ. ಮರದ ಉಂಗುರಗಳಲ್ಲಿ ಬರೆಯಬೇಕಾದರೆ ಮರ ಬೆಳೆಯುವವರೆಗೂ ಕಾಯಬೇಕು. ಬೀಜದಲ್ಲಿರುವ ಪತ್ರವನ್ನು ಓದಬೇಕಾದರೆ ಅದನ್ನು ತಿನ್ನಬೇಕು. ಕಾದಂಬರಿಯ ನಿಜವಾದ ಶಕ್ತಿ ಇರುವುದು ಇಲ್ಲಿಯೇ: ಕಾಲಪ್ರಯಾಣ ಎಂಬ ವೈಜ್ಞಾನಿಕ ಕಲ್ಪನೆಯು ಪ್ರೇಮಕ್ಕೆ ಹಿನ್ನೆಲೆಯಾಗಿ ನಿಲ್ಲದೆ, ಒಬ್ಬಳು ಇನ್ನೊಬ್ಬಳಿಗಾಗಿ ವ್ಯಯಿಸಿದ ವರ್ಷಗಳೇ ಪ್ರೇಮದ ಭಾಷೆಯಾಗುತ್ತವೆ.

ಮೊದಲ ಓದಿನಲ್ಲಿ ದಿಕ್ಕು ತಪ್ಪುವುದು ಸಹಜ. ಮುಳುಗುತ್ತಿರುವ ಅಟ್ಲಾಂಟಿಸ್‌ನಿಂದ ಲಂಡನ್ನಿನ ಚಹಾ ಅಂಗಡಿಗೆ, ಅಲ್ಲಿಂದ ಇನ್ನಾವುದೋ ಯುಗಕ್ಕೆ ಅಧ್ಯಾಯಗಳು ನೆಗೆಯುತ್ತವೆ. ಕಾಲಯಾನದ ತಂತ್ರವಾಗಲಿ ಯುದ್ಧದ ನಕ್ಷೆಯಾಗಲಿ ಪೂರ್ತಿ ವಿವರಣೆಗೆ ಸಿಗುವುದಿಲ್ಲ. ಅವುಗಳ ಬೆನ್ನು ಹತ್ತುವ ಓದುಗರು ದಣಿಯುತ್ತಾರೆ, ಪತ್ರಗಳ ದನಿಯನ್ನು ಹಿಂಬಾಲಿಸುವವರಿಗೆ ಮಾತ್ರ, ರೆಡ್‌ಳ ಬಿಗಿಮಾತು ಸಡಿಲಗೊಳ್ಳುವುದೂ ಬ್ಲೂಳ ಚಾತುರ್ಯ ಹಸಿವಾಗುವುದೂ ಸ್ಪಷ್ಟವಾಗಿ ಕೇಳಿಸುತ್ತದೆ. ಇಬ್ಬರೂ ಹೆಣ್ಣುಗಳೆಂಬುದು ಕಥೆಯಲ್ಲಿ ಎಲ್ಲಿಯೂ ಸಮಸ್ಯೆಯಾಗುವುದಿಲ್ಲ. ಅವರನ್ನು ಬೇರ್ಪಡಿಸಿರುವುದು ಪಾಳೆಯ ಮಾತ್ರ, ಈ ನಿರಾಳತೆ ಮೆಚ್ಚತಕ್ಕದ್ದು.

ರೆಡ್‌ಳ ಭಾಗವನ್ನು ಗ್ಲ್ಯಾಡ್‌ಸ್ಟೋನ್, ಬ್ಲೂಳ ಭಾಗವನ್ನು ಎಲ್-ಮೊಹ್ತರ್ ಬರೆದರು. ಕಥೆಯ ಸ್ಥೂಲ ರೂಪರೇಖೆ ಮೊದಲೇ ಸಿದ್ಧವಿದ್ದರೂ, ಎದುರಿನವರ ಪತ್ರದಲ್ಲಿ ಏನಿರುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಹೀಗಾಗಿ ಪತ್ರ ಒಡೆದಾಗಿನ ಪಾತ್ರಗಳ ಬೆರಗಿನಲ್ಲಿ ಲೇಖಕರದೇ ಬೆರಗೂ ಸೇರಿದೆ. 2023ರ ಮೇ ತಿಂಗಳಲ್ಲಿ, ಕಥೆಯ ಬಗ್ಗೆ ಏನನ್ನೂ ಹುಡುಕದೆ ನೇರವಾಗಿ ಓದಿರೆಂದು ಅಭಿಮಾನಿಯೊಬ್ಬರು ಟ್ವಿಟರ್‌ನಲ್ಲಿ ಒತ್ತಾಯಿಸಿದ್ದರಿಂದ, ಪ್ರಕಟವಾಗಿ ನಾಲ್ಕು ವರ್ಷ ಸಮೀಪಿಸಿದ್ದ ಈ ಪುಸ್ತಕ ಅತಿಹೆಚ್ಚು ಮಾರಾಟವಾಗುವ ಪುಸ್ತಕಗಳ ಸಾಲಿಗೆ ಸೇರಿತು.